ಗಿಂಡಿ ಗಿಡಕ್ಕೆ ಮಳೆ ನೀರು

ಬೋಡಿನಾಯಕನೂರು
1893ನೇ ಇಸವಿ ಮೇ 2

ಕೊಡೈಕಾನಲ್ ಬೆಟ್ಟದಲ್ಲಿ ಜಡ್ಜಿ ದೊರೆಯ ಬಂಗಲೆಯ ತೋಟಗಾರ ವೇಲುವಿಗೆ, ನಿನ್ನ ಅಕ್ಕನ ಗಂಡ, ಏಲಕ್ಕಿ ಮಂಡಿ ಕರುಪ್ಪಯ್ಯ ಬರೆಯುವುದು.

ಆರು ವರ್ಷದಿಂದ ನಮ್ಮ ನಡುವೆ ಕಾಗದವಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಈಗ ಒಂದು ಕೆಲಸ ಬಿದ್ದಿದೆ. ನಿನ್ನಂಥವನಿಗೆ ಗೊತ್ತಿರುವ ಕೆಲಸ ಅದು. ನನ್ನಂಥವನು ಗೊತ್ತುಮಾಡಿಕೊಳ್ಳಬೇಕಾದ್ದಲ್ಲ.

ಇಲ್ಲಿ ಬೆಟ್ಟದ ಮೇಲೆ ಏಲಕ್ಕಿ ತೋಟ ಇಟ್ಟಿರುವ ಗಿಲ್ಮೋರ್ ದೊರೆ ಮದುವೆ ಮಾಡಿಕೊಂಡು ಬರಲು ಕಡಲಾಚೆ ತಮ್ಮ ಸೀಮೆಗೆ ಹೋಗಿದ್ದಾರೆ. ತಿರುಗಿ ಬರುವುದು ಡಿಸೆಂಬರಿಗೆ. ಹೋಗುವ ಮುಂಚೆ, ತಾವು ಸಿಂಹಳದಿಂದ ತಂದು ಸಾಕಿದ್ದ ಮೂರು ಕುಂಡಗಳನ್ನು ಕೂಲಿಗಳ ತಲೆಯ ಮೇಲೆ ಇಳಿಸಿ ನನ್ನ ಮನೆಗೆ ಕಳಿಸಿದರು. ಊರಲ್ಲಿ ಇಷ್ಟು ಜನ ವ್ಯಾಪಾರಿಗಳಿದ್ದಾರೆ. ಯಾರ ಮನೆಗೆ ಕಳಿಸಿದರೆಂಬುದನ್ನು ಗಮನಿಸು. ಗಿಡಗಳು ಉಳಿದರೆ ಅವರ ತೋಟದ ಏಲಕ್ಕಿ ಇನ್ನು ಮುಂದೆ ನನ್ನ ಮಂಡಿಗೇ ಇಳಿಯುತ್ತದೆಂದು ಅವರ ಬಟ್ಲರ್ ಹೇಳಿದ್ದಾನೆ.

ಗಿಡ ನೋಡಲು ಬಳ್ಳಿಯಂತೆ. ಎಲೆಯ ತುದಿಯಿಂದ ಒಂದು ದಾರ ಇಳಿದು, ಅದರ ಕೊನೆಯಲ್ಲಿ ಸಣ್ಣ ಗಿಂಡಿ ನೇತಾಡುತ್ತದೆ. ಗಿಂಡಿಗೆ ಮುಚ್ಚಳವೂ ಇದೆ. ಒಳಗೆ ನೀರು. ನೊಣ, ಇರುವೆ ಅದರೊಳಗೆ ಬಿದ್ದರೆ ಗಿಡ ಅವನ್ನು ತಿಂದುಬಿಡುತ್ತದಂತೆ. ನೋಡಲು ದಿನವೂ ಜನ. ಆದರೆ ಬಂದ ಹದಿನೈದು ದಿನದಲ್ಲೇ ಗಿಂಡಿಗಳು ಒಣಗಿ ಕಂದಾಗುತ್ತಿವೆ. ನಾನು ಜಗುಲಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಿಸಿಲಲ್ಲಿ ಇಡಿಸಿದ್ದೇನೆ. ಒಳ್ಳೆ ಕೊಟ್ಟಿಗೆ ಗೊಬ್ಬರ ಹಾಕಿಸಿದ್ದೇನೆ. ಇನ್ನೇನು ಬೇಕಂತೆ ಅದಕ್ಕೆ?

ನಿಮ್ಮ ಜಡ್ಜಿ ದೊರೆಯ ಗಾಜಿನ ಮನೆಯಲ್ಲಿ ಇಂಥವೇ ಇವೆಯೆಂದು ಕೇಳಿದ್ದೇನೆ. ತಿಳಿದಷ್ಟು ಬರೆ. ಬೇರೆ ಸಂಗತಿ ಬರೆಯುವುದು ಬೇಡ.

ಇಂತಿ,
ಕರುಪ್ಪಯ್ಯ

---

ಕೊಡೈಕಾನಲ್
1893 ಮೇ 11

ಭಾವನವರಿಗೆ ವೇಲು ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂತು. ಮೊದಲು ಗೊಬ್ಬರ ತೆಗೆಸಿ. ಗಿಂಡಿ ಗಿಡಕ್ಕೆ ಗೊಬ್ಬರ ಹಾಕುವುದೆಂದರೆ ವಿಷ ಹಾಕಿದ ಹಾಗೆ. ಹುಟ್ಟಿದ ಕಾಡಿನಲ್ಲಿ ಅದರ ಬೇರಿಗೆ ಸಿಗುವ ಮಣ್ಣಿನಲ್ಲಿ ಸತ್ತ್ವವೇ ಇಲ್ಲ. ಅದಕ್ಕೇ ಅದು ಗಿಂಡಿ ಹಿಡಿದು ಇರುವೆ ಕಾಯುತ್ತ ಕೂತಿದೆ. ಮಣ್ಣನ್ನು ಪೂರ್ತಿ ಒದರಿ, ಬೆಟ್ಟದ ಪಾಚಿ, ಜರಿಗಿಡದ ಬೇರು, ಇದ್ದಿಲು ಮೂರನ್ನೂ ಸೇರಿಸಿ ಅದರಲ್ಲಿ ನೆಡಿಸಿ.

ಬಿಸಿಲಿನಿಂದ ತೆಗೆಸಿ. ಜನ ನೋಡಲಿ ಅಂತ ಜಗುಲಿಯಲ್ಲಿ ಇಟ್ಟಿದ್ದೀರಿ. ಗಿಡಕ್ಕೆ ಜನ ಬೇಡ. ಬೆಳಕಿರುವ ನೆರಳು ಬೇಕು, ಸುತ್ತ ತೇವ ಬೇಕು. ಒದ್ದೆ ಗೋಣಿಯನ್ನು ಸುತ್ತಲೂ ಕಟ್ಟಿ. ಬಾವಿ ನೀರು ಒಂದು ತೊಟ್ಟೂ ಬೇಡ, ಬೋಡಿಯ ಬಾವಿಯಲ್ಲಿ ಸುಣ್ಣ ಜಾಸ್ತಿ. ಮಳೆ ನೀರು ಹಿಡಿದಿಡಿ. ಮಳೆ ಬರದಿದ್ದರೆ ಬೆಟ್ಟದಿಂದ ಇಳಿಯುವ ಹೊಳೆಯ ನೀರು ತರಿಸಿ. ಗಿಂಡಿಯ ಒಳಗಿನ ನೀರನ್ನು ಚೆಲ್ಲಬಾರದು. ನಿಮ್ಮ ಕೈಯಿಂದ ಏನನ್ನೂ ಒಳಗೆ ಹಾಕಬಾರದು. ಹಸಿವಾದಾಗ ಅದೇ ಹಿಡಿದುಕೊಳ್ಳುತ್ತದೆ.

ಬೇರೆ ಸಂಗತಿ ಬರೆಯಬೇಡ ಅಂದಿದ್ದೀರಿ. ಬರೆಯುತ್ತೇನೆ. ಆರು ವರ್ಷದ ಹಿಂದೆ ನಿಮ್ಮ ತಂಗಿಯ ಮದುವೆಯಲ್ಲಿ, ನಾನು ಬಿಳಿಯರ ಮನೆಯಲ್ಲಿ ದುಡಿಯುವವನೆಂದು ನನ್ನ ಎಲೆಯನ್ನು ಪಂಕ್ತಿಯಿಂದ ಎತ್ತಿಸಿ, ಬೀದಿಯ ಕಡೆ ದನ ಕಟ್ಟುವಲ್ಲಿ ಹಾಕಿಸಿದಿರಿ. ಈಗ ಬಿಳಿಯರ ಗಿಡ ನಿಮ್ಮ ಜಗುಲಿ ಏರಿದೆ. ಅದಕ್ಕೆ ಎಲೆ ಎಲ್ಲಿ ಹಾಕಿಸುತ್ತೀರಿ?

ಎರಡು ವರ್ಷದ ಹಿಂದೆ ಕಂಬಂನಲ್ಲಿ ಅವ್ವ ತೀರಿಕೊಂಡಾಗ ನಿಮ್ಮಲ್ಲಿಗೆ ಆಳು ಕಳಿಸಿದ್ದೆ. ಅಕ್ಕ ಬರಲಿಲ್ಲ. ಗಾಡಿಯಲ್ಲಿ ಒಂದು ದಿನದ ದಾರಿ. ಅವಳು ಬರಲಿಲ್ಲವೋ, ಬರಗೊಡಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು. ಮುಂದಿನ ಕಾಗದದಲ್ಲಿ ಅಕ್ಕನ ಮಾತು ಒಂದು ಸಾಲಾದರೂ ಇರಲಿ.

ನಿಮ್ಮ ಮೈದುನ,
ವೇಲು

---

ಬೋಡಿನಾಯಕನೂರು
1893 ಜೂನ್ 3

ವೇಲುವಿಗೆ,

ನೀನು ಹೇಳಿಕೊಟ್ಟ ಬುದ್ಧಿಯಿಂದ ಒಂದು ಗಿಡ ಸತ್ತಿತು.

ಗೊಬ್ಬರ ತೆಗೆಸಿದೆ. ಪಾಚಿ ತರಿಸಿದೆ. ಊರಿನ ದೊಡ್ಡ ಮನುಷ್ಯನೊಬ್ಬ ಪಾಚಿ ತರಿಸಿದನೆಂದು ಬೀದಿಯೆಲ್ಲ ನಕ್ಕಿತು. ಆದರೂ ಗಿಡ ಬಡವಾಗಿಯೇ ಇತ್ತು. ಮಾಂಸ ತಿನ್ನುವ ಪ್ರಾಣಿ ಬಡವಾದರೆ ಮಾಂಸ ಹಾಕಬೇಕು, ಇದು ಚಿಕ್ಕ ಮಗುವಿಗೂ ಗೊತ್ತು. ನೀನು ಅದನ್ನು ಬರೆಯದೆ ಮುಚ್ಚಿಟ್ಟೆ. ನಾನೇ ಯೋಚನೆ ಮಾಡಿ, ಎಳೆ ಕುರಿಮರಿಯ ಮಾಂಸವನ್ನು ಸಣ್ಣಗೆ ಕೊಚ್ಚಿಸಿ, ಮೊದಲು ಒಂದು ಕುಂಡದ ಒಂದೊಂದು ಗಿಂಡಿಗೂ ಒಂದೊಂದು ಚಮಚ ಹಾಕಿಸಿದೆ. ನಾಲ್ಕನೇ ದಿನ ನಾತ. ಆರನೇ ದಿನ ಗಿಂಡಿಗಳು ಕೊಳೆತು ಉದುರಿದವು. ಹತ್ತನೇ ದಿನ ಬಳ್ಳಿ ಬುಡದಿಂದಲೇ ಕಪ್ಪಾಯಿತು.

ನಿನಗೆ ಹಳೆಯ ಹಗೆ ಇದೆಯೆಂದು ನಿನ್ನ ಕಾಗದದಲ್ಲೇ ಗೊತ್ತಾಗುತ್ತದೆ. ಊಟದ ಎಲೆಯ ಲೆಕ್ಕ ಆರು ವರ್ಷ ಇಟ್ಟುಕೊಂಡವನು ಗಿಡದ ವಿಷಯದಲ್ಲಿ ನಿಜ ಹೇಳುತ್ತಾನೆಯೆ? ಆದರೂ ಇನ್ನೊಂದು ಸಲ ಕೇಳುತ್ತೇನೆ. ಉಳಿದ ಎರಡಕ್ಕೆ ಏನು ಮಾಡಬೇಕು?

ಮನೆಯಲ್ಲಿ ಎಲ್ಲರೂ ಸೌಖ್ಯ.

ಕರುಪ್ಪಯ್ಯ

---

ಕೊಡೈಕಾನಲ್
1893 ಜೂನ್ 14

ಭಾವನವರಿಗೆ,

ಕೈಯಿಂದ ಏನನ್ನೂ ಹಾಕಬಾರದು ಎಂದು ಬರೆದಿದ್ದೆ. ಆ ಸಾಲನ್ನು ಓದುವಾಗ ನಿಮಗೆ ಆಕಳಿಕೆ ಬಂದಿರಬೇಕು.

ಗಿಂಡಿ ಎಂದರೆ ಬಾಯಲ್ಲ, ಭಾವ. ಹೊಟ್ಟೆ. ಒಂದು ಇರುವೆ ಬಿದ್ದರೆ ಅದಕ್ಕೆ ಎಷ್ಟೋ ದಿನಕ್ಕೆ ಸಾಕು. ಕುರಿಮರಿ ಬೇಕಾದ್ದು ನಿಮಗೆ. ನೀವು ತಿನ್ನುವ ಹಾಗೆಯೇ ಲೋಕವೆಲ್ಲ ತಿನ್ನಬೇಕೆಂದು ನಿಮ್ಮ ನಂಬಿಕೆ. ನಮ್ಮ ಜಡ್ಜಿ ದೊರೆಯೂ ಬುದ್ಧಿವಂತರೇನಲ್ಲ. ಇಡೀ ಆಯುಸ್ಸು ಮನುಷ್ಯರನ್ನು ಜೈಲಿಗೆ ಕಳಿಸಿ, ಈಗ ಒಂದು ನೊಣ ಗಿಂಡಿಯೊಳಗೆ ಜಾರಿದರೆ ಪುಸ್ತಕದಲ್ಲಿ ಬರೆದುಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಆದರೂ ಅವರು ಗಿಡವನ್ನು ಒಂದು ಮಾತು ಕೇಳುತ್ತಾರೆ. ನೀವು ಯಾರನ್ನೂ ಕೇಳುವವರಲ್ಲ.

ಉಳಿದ ಎರಡು ಬದುಕಬೇಕೆಂದರೆ ಒಂದೇ ದಾರಿ. ನೀವು ಅವುಗಳ ಹತ್ತಿರ ಹೋಗಬೇಡಿ. ಮಳೆ ನೀರು ಹಿಡಿದಿಡುವಷ್ಟು ತಾಳ್ಮೆ ಇರುವವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಒಪ್ಪಿಸಿ.

ಎಲ್ಲರೂ ಸೌಖ್ಯ ಎಂದು ಬರೆದಿದ್ದೀರಿ. ನಾನು ಕೇಳಿದ್ದು ಎಲ್ಲರನ್ನಲ್ಲ.

ವೇಲು

---

ಬೋಡಿನಾಯಕನೂರು
ವಿಜಯ ವರ್ಷ, ಆಡಿ ತಿಂಗಳ ಕೊನೆಯ ಶುಕ್ರವಾರ

ವೇಲುವಿಗೆ ನಿನ್ನ ಅಕ್ಕ ವೆಳ್ಳೈಯಮ್ಮಾಳ್ ಬರೆಯುವುದು.

ಕೈ ಬರಹ ನೋಡಿ ನಗಬೇಡ. ಕಂಬಂನ ಹಿತ್ತಲಲ್ಲಿ ನೀನು ಮರಳ ಮೇಲೆ ಬೆರಳು ಹಿಡಿದು ಕಲಿಸಿದ ತಮಿಳಕ್ಷರವೇ ಇದು. ಅದರಲ್ಲೇ ನಮ್ಮ ಮನೆಮಾತು ಕನ್ನಡವನ್ನು ಬರೆಯುತ್ತಿದ್ದೇನೆ. ನನಗೆ ಅಕ್ಷರ ಬರುತ್ತದೆಂದು ಈ ಮನೆಯಲ್ಲಿ ಯಾರಿಗೂ ತಿಳಿಯದು. ಹನ್ನೆರಡು ವರ್ಷದಲ್ಲಿ ಯಾರೂ ಕೇಳಲಿಲ್ಲ. ಬೆಟ್ಟಕ್ಕೆ ಬೆಳ್ಳುಳ್ಳಿ ತರಲು ಹೋಗುವ ಪೇಚ್ಚಿಯಮ್ಮಾಳ್ ಇದನ್ನು ನಿನಗೆ ಮುಟ್ಟಿಸುತ್ತಾಳೆ. ಉತ್ತರ ಬರೆದರೆ ಅವಳ ಕೈಯಲ್ಲೇ ಕೊಡು.

ನಿನ್ನ ಎರಡು ಕಾಗದಗಳನ್ನೂ ಅವರ ಪೆಟ್ಟಿಗೆಯಿಂದ ತೆಗೆದು ಓದಿದೆ. ಅವ್ವನ ವಿಷಯ ಮೊದಲು ಹೇಳಿಬಿಡುತ್ತೇನೆ. ನಿನ್ನ ಆಳು ಬಂದದ್ದು ನನಗೆ ತಿಳಿಯಲಿಲ್ಲ. ಹನ್ನೊಂದನೇ ದಿನ, ಊಟಕ್ಕೆ ಕೂತು ಮಜ್ಜಿಗೆ ಕಲಸುತ್ತ ಹೇಳಿದರು, "ನಿನ್ನವ್ವ ಪೋಯ್ಬಿಟ್ಲಂತೆ. ಏಲಕ್ಕಿ ಮೂಟೆ ಇಳೀತಿತ್ತು, ಅದ್ಕೇ ಹೇಳ್ಲಿಲ್ಲ. ಉಪ್ಪು ಕೊಂಡ್ಬಾ." ನಾನು ಉಪ್ಪು ತಂದುಕೊಟ್ಟೆ. ಆವತ್ತಿನಿಂದ ಅವರಿಗೆ ಅನ್ನ ಬಡಿಸಿದ್ದೇನೆ, ಮಾತು ಬಡಿಸಿಲ್ಲ. ಅವರಿಗೆ ಆ ವ್ಯತ್ಯಾಸ ಗೊತ್ತಾಗಲೇ ಇಲ್ಲ.

ಇನ್ನು ಗಿಡ. ಮಾಂಸ ಹಾಕುವ ದಿನ ಮಾತ್ರ ತಡೆಯಲಾರದೆ ನಾನು ಅವರಿಗೆ, "ಮಾಮಾ, ಬೇಡ, ಕೊಳೆತೋಯ್ತದೆ" ಅಂದೆ. "ಏ ಪುಳ್ಳೆ, ಬಾಡು ತಿನ್ನಾ ಗಿಡಕ್ಕೆ ಬಾಡು ಹಾಕ್ದೆ ಅನ್ನ ಹಾಕಾದಾ?" ಎಂದು ಬೀದಿಯವರೆಲ್ಲ ಕೇಳುವ ಹಾಗೆ ನಕ್ಕರು. ಗಿಡ ಸತ್ತ ಮೇಲೆ ನಾತ ತಾಳಲಾರದೆ ಉಳಿದ ಎರಡನ್ನೂ ಹಿಂದಕ್ಕೆ ಎತ್ತಿಹಾಕು ಅಂದರು. ಬಚ್ಚಲ ಗೋಡೆಯ ಪಕ್ಕ, ಬೇವಿನ ನೆರಳಲ್ಲಿ ಇಟ್ಟೆ. ನೀನು ಬರೆದ ಹಾಗೆ ಗೋಣಿ ಕಟ್ಟಿದೆ. ಎರಡು ಸಲ ಮಳೆ ಬಿತ್ತು, ಹಂಡೆ ತುಂಬಿಸಿಕೊಂಡೆ. ಅದು ಮುಗಿದ ಮೇಲೆ ಬಟ್ಟೆ ಒಗೆಯುವ ನೆಪದಲ್ಲಿ ಹೊಳೆಗೆ ಹೋಗಿ ಕೊಡ ಹೊತ್ತು ತರುತ್ತೇನೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತೇನೆ. ಅದನ್ನೂ ಯಾರೂ ಕೇಳಿಲ್ಲ.

ಮೊದಲು ಎಲೆಯ ತುದಿಯಲ್ಲಿ ಒಂದು ನಾರು ಬಂತು. ಅದರ ಕೊನೆ ಹೆಸರುಕಾಳಿನಷ್ಟು ಊದಿಕೊಂಡು, ಮೇಲಕ್ಕೆ ಬಾಗಿ, ಇಪ್ಪತ್ತು ದಿನ ಬಾಯಿ ಮುಚ್ಚಿಕೊಂಡೇ ದೊಡ್ಡದಾಯಿತು. ಒಂದು ಬೆಳಿಗ್ಗೆ ಮುಚ್ಚಳ ಬಿಟ್ಟುಕೊಂಡಿತ್ತು. ನಾನು ಬಗ್ಗಿ ನೋಡಿದರೆ ಒಳಗೆ ಆಗಲೇ ನೀರು. ಯಾರೂ ಹಾಕಿದ್ದಲ್ಲ, ಮಳೆ ಬಿದ್ದದ್ದಲ್ಲ. ಮುಚ್ಚಿದ ಬಾಯೊಳಗೆ ತಾನೇ ಮಾಡಿಕೊಂಡ ನೀರು. ಪಾತ್ರೆ ತೊಳೆಯುವುದು ಬಿಟ್ಟು ಎಷ್ಟು ಹೊತ್ತು ಅಲ್ಲಿ ಕೂತಿದ್ದೆನೋ.

ಇನ್ನೊಂದು ಮಾತು. ಅವರು ಮತ್ತೊಂದು ಮದುವೆಯ ಮಾತು ಆಡುತ್ತಿದ್ದಾರೆ. ನನಗಿಂತ ಮೊದಲು ಅವರನ್ನು ಮದುವೆಯಾಗಿದ್ದ ಕಮಲಮ್ಮಾಳ್ ಅಕ್ಕ ಈ ಮನೆಯಲ್ಲಿ ಹತ್ತು ವರ್ಷ ಬಾಳಿ, ಮಕ್ಕಳಿಲ್ಲದೆ ಜ್ವರದಲ್ಲಿ ಸತ್ತರು. ನಾನು ಬಂದು ಹನ್ನೆರಡು ವರ್ಷ, ನನಗೂ ಮಕ್ಕಳಿಲ್ಲ. ಈಗ ಪಾಪಮ್ಮಾಳ್ ಎಂಬ ವಿಧವೆಯ ಮಗಳು ಜೆಯಲಕ್ಷ್ಮಿ. ಹುಡುಗಿಗೆ ಹದಿನೈದು. ಅವರಿಗೆ ಐವತ್ತೆರಡು. ಹೆಣ್ಣುಗಳೆರಡರಲ್ಲೂ ದೋಷವಿತ್ತು, ಮೂರನೆಯದನ್ನು ಜಾತಕ ನೋಡಿ ಆರಿಸಿದ್ದೇನೆ ಅನ್ನುತ್ತಾರೆ. ಏಲಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡುವ ಹಾಗೆ ಹೇಳುತ್ತಾರೆ.

ನನಗೆ ಅಳು ಬರುವುದಿಲ್ಲ, ಗಾಬರಿಯಾಗಬೇಡ. ಒಂದು ಕೇಳಬೇಕು. ಹಳೆ ಗಿಂಡಿ ಒಣಗಿದರೆ ಕತ್ತರಿಸಬೇಕೆ, ಬಿಡಬೇಕೆ?

ನಿನ್ನ ಅಕ್ಕ,
ವೆಳ್ಳೈಯಮ್ಮಾಳ್

---

ಕೊಡೈಕಾನಲ್
1893 ಆಗಸ್ಟ್ 27

ಅಕ್ಕನಿಗೆ,

ಕತ್ತರಿಸು. ಪೂರ್ತಿ ಒಣಗಿದ ಮೇಲೆ, ಎಲೆಗೆ ಏಟು ಬೀಳದ ಹಾಗೆ.

ಎರಡು ವರ್ಷ ನಿನ್ನ ಮೇಲೆ ಕೋಪ ಇಟ್ಟುಕೊಂಡಿದ್ದೆ. ಅವ್ವನ ತಲೆಯ ಹತ್ತಿರ ಕೂತು ನಿನ್ನನ್ನು ಬೈದಿದ್ದೆ. ಅದನ್ನು ಈಗ ಎಲ್ಲಿ ಇಳಿಸಲಿ?

ನನ್ನ ಹೆಂಡತಿ ಮುನಿಯಮ್ಮಾಳ್ ಈ ಕಾಗದ ಬರೆಯುವಾಗ ಪಕ್ಕದಲ್ಲೇ ಇದ್ದಾಳೆ. "ಅತ್ತಿಗೇನ ಇಲ್ಲೇ ಬಂದ್ಬುಡು ಅನ್ನು. ಅದೇನ್ ಬರೀತಾ ಕೂತಿದೀಯ ಗಿಡ, ಗಿಡ ಅಂತ" ಎನ್ನುತ್ತಿದ್ದಾಳೆ. ನಮಗಿರುವುದು ಒಂದೂವರೆ ಕೋಣೆ. ಚಳಿ ಹೆಚ್ಚು. ಬಾ.

ವೇಲು

---

ಬೋಡಿನಾಯಕನೂರು
1893 ಅಕ್ಟೋಬರ್ 19

ಪ್ರಿಯ ಮೈದುನ ವೇಲುವಿಗೆ ಆಶೀರ್ವಾದ.

ಒಂದು ಸಂತೋಷದ ಸಮಾಚಾರ. ನೀನು ಕೈಬಿಟ್ಟರೂ ನಾನು ಕೈಬಿಡಲಿಲ್ಲ. ಎರಡು ಗಿಡದಲ್ಲಿ ಈಗ ಹನ್ನೊಂದು ಗಿಂಡಿಗಳಿವೆ. ಒಂದೊಂದೂ ಗೇಣುದ್ದ, ಬಾಯಿಯ ಸುತ್ತ ಕೆಂಪು. ಜಮೀನ್ದಾರರ ಕಚೇರಿಯವರು ಬಂದು ನೋಡಿ ಬೆರಗಾದರು. ಇದರ ಗುಟ್ಟೇನೆಂದು ಕೇಳಿದರು. ನಾನು ಹೇಳಿದೆ, ಸಾಕುವ ಕೈಯಲ್ಲಿ ಸತ್ತ್ವ ಇರಬೇಕು, ಅಷ್ಟೇ. ನೀನು ಬರೆದದ್ದರಲ್ಲಿ ಅರ್ಧ ಸುಳ್ಳು ಎಂದು ಈಗ ನನಗೆ ತಿಳಿಯಿತು. ದಿನಾ ಬೆಳಿಗ್ಗೆ ನಾನು ಅವುಗಳ ಮುಂದೆ ನಿಂತು ನೋಡುತ್ತೇನೆ. ಯಜಮಾನನ ಕಣ್ಣು ಬಿದ್ದರೆ ಗಿಡವೂ ಹೆದರಿ ಬೆಳೆಯುತ್ತದೆ.

ಎರಡನೇ ಸಂತೋಷ. ಪೊಂಗಲ್ ಕಳೆದು, ತೈ ತಿಂಗಳಲ್ಲಿ ನನಗೆ ಮದುವೆ. ಹುಡುಗಿ ನಮ್ಮವರೇ. ವಂಶ ಉಳಿಯಬೇಕಲ್ಲ. ನಿನ್ನ ಅಕ್ಕ ಒಂದು ಮಾತೂ ಎದುರಾಡಿಲ್ಲ, ಅಷ್ಟರ ಮಟ್ಟಿಗೆ ಅವಳು ಒಳ್ಳೆಯವಳು. ಜಾತಿಯ ಹಿರಿಯರ ಮುಂದೆ ಇರುವ ಹೆಂಡತಿ ಕೂತು ಒಪ್ಪಿಗೆ ಹೇಳುವುದು ಪದ್ಧತಿ. ಅವಳ ಕಡೆಯವನಾಗಿ ನೀನೂ ಬಾ. ಈ ಸಲ ನಿನ್ನ ಎಲೆ ಒಳಗೇ ಹಾಕಿಸುತ್ತೇನೆ. ದೊರೆಗಳ ಸ್ನೇಹ ನನಗೂ ಆದ ಮೇಲೆ ಆ ಭೇದ ಬೇಡವೆಂದು ಅನಿಸಿದೆ.

ಶುಭಂ.
ಏಲಕ್ಕಿ ಮಂಡಿ ಕರುಪ್ಪಯ್ಯ

---

ಬೋಡಿನಾಯಕನೂರು
1893 ಡಿಸೆಂಬರ್ 21

ವೇಲು,

ನಿನ್ನೆ ದೊರೆ ಬಂದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೂರು ದಿನ ಮುಂಚೆಯೇ ಇವರು ಬೀದಿಗೆ ಸಗಣಿ ನೀರು ಹಾಕಿಸಿ ಹಂದರ ಹಾಕಿಸಿದರು. ಗಿಡಗಳನ್ನು ಮತ್ತೆ ಜಗುಲಿಗೆ ತರಿಸಿದರು. ಕುಂಡಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟು, ಗಿಂಡಿಗಳಿಗೆ ಮಲ್ಲಿಗೆ ದಾರ ಸುತ್ತಿದರು. ಆಮೇಲೆ, ದೊರೆ ಬಗ್ಗಿ ಮೂಸಿದರೆ ಒಳ್ಳೆ ವಾಸನೆ ಬರಲಿ ಎಂದು ಹನ್ನೊಂದು ಗಿಂಡಿಗೂ ಪನ್ನೀರು ಸುರಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಬೇಡ ಅನ್ನಬಹುದಾಗಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಅವರು ಆಳುಗಳನ್ನು ಬಿಟ್ಟು ತಾವೇ ಆ ಗಿಡಕ್ಕೆ ಕೈ ಹಾಕಿದ್ದು. ನೋಡುತ್ತ ನಿಂತೆ.

ದೊರೆ ಕುದುರೆಯ ಮೇಲೆ, ಹೊಸ ದೊರೆಸಾನಿ ಡೋಲಿಯಲ್ಲಿ. ಬಿಸಿಲಿಗೆ ಆಕೆಯ ಮುಖ ಬೆಂದ ಗೆಣಸಿನ ಹಾಗೆ ಆಗಿತ್ತು. ಇವರು ಹಾರ ಹಿಡಿದು ಬೀದಿಯ ನಡುವೆ ಬಗ್ಗಿ ನಿಂತರು. ದೊರೆ ಇಳಿಯಲಿಲ್ಲ. ಇವರು ಗಿಡಗಳ ಕಡೆ ಕೈ ತೋರಿಸಿದರು. ದೊರೆ ಸ್ವಲ್ಪ ಹೊತ್ತು ನೋಡಿ, ಏನೋ ಹೇಳಿ, ಜೋರಾಗಿ ನಕ್ಕರು. ದೊರೆಸಾನಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದಳು.

ಬಟ್ಲರ್ ಬಂದು ಹೇಳಿದ, "ದೊರೆ ಇದ ಮರ್ತೇ ಬಿಟ್ಟಿದ್ರಂತೆ. ಅಮ್ಮಾವ್ರ್ಗೆ ಹುಳ ತಿನ್ನಾ ಗಿಡ ಕಂಡ್ರೆ ಆಗಾದು. ನೀವೇ ಮಡಿಕ್ಕೊಂಬೇಕಂತೆ."

ಇವರು, "ಏಲಕ್ಕಿ ವಿಚಾರ?" ಅಂದರು.

"ಅದು ಆಗ್ಲೇ ಕೊಚ್ಚಿ ಕಡೆ ಇಳ್ದೋಯ್ತು ಅಯ್ಯಾ. ದೊರೆ ಸೀಮೆಯಿಂದಾನೇ ಕಾಗ್ದ ಬರ್ದು ಕಳ್ಸಿದ್ರು, ಆಯ್ತು ಮೂರ್ ತಿಂಗ್ಳು."

ಕುದುರೆ ಹೋಯಿತು, ಡೋಲಿ ಹೋಯಿತು. ಹಾರ ಇವರ ಕೈಯಲ್ಲೇ ಇತ್ತು. ಬೀದಿಯವರು ಯಾರೂ ನಗಲಿಲ್ಲ. ನಕ್ಕಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತು. ಒಳಗೆ ಬರುತ್ತ ಒಂದು ಕುಂಡವನ್ನು ಕಾಲಿನಿಂದ ಒದ್ದರು. ಅದು ಇನ್ನೊಂದಕ್ಕೆ ಬಡಿದು ಎರಡೂ ಮೆಟ್ಟಿಲ ಮೇಲೆ ಒಡೆದವು. ಪನ್ನೀರು, ಇರುವೆ, ಪಾಚಿ ಎಲ್ಲ ಒಂದಾಗಿ ಬೀದಿಗೆ ಹರಿಯಿತು. ನನ್ನನ್ನು ನೋಡಿ ಹೇಳಿದರು, "ಎಲ್ಲಾ ನಿನ್ನಿಂದ. ಬಂಜೆ ಕೈ ತಾಕಿದ್ದು ಯಾವ್ದು ಉಳ್ದೈತೆ?"

ಅಂದರೆ, ವೇಲು, ಅವರಿಗೆ ಮೊದಲಿನಿಂದ ಗೊತ್ತಿತ್ತು. ನೀರು ಹೊತ್ತದ್ದು ನಾನು, ಬೆಳೆಸಿದ್ದು ನಾನು ಎಂದು ಅವರಿಗೆ ಗೊತ್ತಿತ್ತು. ಬೆಳೆದಾಗ ಅವರ ಕೈ, ಒಡೆದಾಗ ನನ್ನ ಕೈ. ಹನ್ನೆರಡು ವರ್ಷ ಇವರನ್ನು ದಡ್ಡರೆಂದುಕೊಂಡು ಸಹಿಸಿದ್ದೆ. ದಡ್ಡರಲ್ಲ. ಅದಕ್ಕಿಂತ ಕಡಿಮೆಯವರು.

ಬಳ್ಳಿಯ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ ನೀನು ಬದುಕಿಸಬಲ್ಲೆ ಎಂದು ನನಗೆ ಗೊತ್ತು. ಆದರೆ ಬಗ್ಗಲಿಲ್ಲ. ಆ ಮೆಟ್ಟಿಲ ಮೇಲೆ ಬಗ್ಗಿ ಏನನ್ನೂ ಎತ್ತಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಪೇಚ್ಚಿಯಮ್ಮಾಳ್ ಸೋಮವಾರ ಹೊರಡುತ್ತಾಳೆ. ಪೆರಿಯಕುಳಂವರೆಗೆ ಗಾಡಿ, ಆಮೇಲೆ ಅವಳ ಜೊತೆ ನಡೆದು ಬೆಟ್ಟ ಹತ್ತುತ್ತೇನೆ. ಈ ಕಾಗದವನ್ನು ನಾನೇ ಬೀದಿಯಲ್ಲಿ ನಡೆದು ಹೋಗಿ ತಪಾಲಿಗೆ ಹಾಕುತ್ತೇನೆ. ನೋಡುವವರು ನೋಡಲಿ.

ವೆಳ್ಳೈಯಮ್ಮಾಳ್

---

ಬೋಡಿನಾಯಕನೂರು
1894 ಜನವರಿ 9

ವೇಲು,

ಅವಳನ್ನು ತಕ್ಷಣ ಕಳಿಸು. ಬಿಳಿಯರ ಅನ್ನ ತಿಂದು ಕೆಟ್ಟವನು ನೀನು ಒಬ್ಬ ಸಾಕು. ಬೆಳ್ಳುಳ್ಳಿ ಮಾರುವವಳ ಹಿಂದೆ ಬೀದಿಯಲ್ಲಿ ಬುತ್ತಿ ಹಿಡಿದು ಹೊರಟಳಂತೆ. ನನ್ನ ಮನೆಯ ಹೆಂಗಸು! ಅವಳು ಎಲ್ಲಿಗಾದರೂ ಹಾಳಾಗಲಿ ಎಂದು ಬಿಟ್ಟುಬಿಡುತ್ತಿದ್ದೆ, ಆದರೆ ಮದುವೆ ಹತ್ತಿರ ಬಂದಿದೆ.

ಕರುಪ್ಪಯ್ಯ

---

ಬೋಡಿನಾಯಕನೂರು
1894 ಫೆಬ್ರವರಿ 6

ಸೌಭಾಗ್ಯವತಿ ವೆಳ್ಳೈಯಮ್ಮಾಳಿಗೆ ಕರುಪ್ಪಯ್ಯ ಬರೆಯುವುದು.

ನೀನು ಓದಬಲ್ಲೆ ಎಂದು ತಿಳಿಯಿತು. ಒಳ್ಳೆಯದೇ. ಮೊದಲೇ ಹೇಳಿದ್ದರೆ ಮಂಡಿಯಲ್ಲಿ ಚೀಟಿ ಓದಲು ಉಪಯೋಗವಾಗುತ್ತಿತ್ತು.

ಕೋಪದಲ್ಲಿ ಒಂದು ಮಾತು ಬಂದಿರಬಹುದು. ಗಂಡಸಿಗೆ ವ್ಯಾಪಾರದ ನೂರು ಚಿಂತೆ. ತೈ ತಿಂಗಳ ಮುಹೂರ್ತ ತಪ್ಪಿತು. ಇದ್ದ ಹೆಂಡತಿ ತಾನಾಗಿ ಬಿಟ್ಟು ಹೋಗಿದ್ದಾಳೆ, ಕಾರಣ ತಿಳಿಯದೆ ವೀಳ್ಯ ಮುಟ್ಟುವುದಿಲ್ಲ ಎಂದು ಹುಡುಗಿಯ ತಾಯಿ ಪಾಪಮ್ಮಾಳ್ ಹಟ ಹಿಡಿದಿದ್ದಾಳೆ. ಹಿರಿಯರೂ ನಿನ್ನ ಒಪ್ಪಿಗೆ ಬೇಕೆನ್ನುತ್ತಾರೆ. ತೈ ಮುಗಿದು ಬರುವ ಮಾಸಿ ತಿಂಗಳ ಹದಿನೈದಕ್ಕೆ ನಮ್ಮ ಹಂದರದಲ್ಲಿ ಎಲ್ಲರೂ ಸೇರುತ್ತಾರೆ. ನೀನು ಬಂದು ಒಂದು ಗಳಿಗೆ ಕೂತು, ಸಂತೋಷದಿಂದ ಒಪ್ಪಿದ್ದೇನೆ ಎಂದು ಒಂದು ಮಾತು ಹೇಳಿದರೆ ಸಾಕು. ಆಮೇಲೆ ಇರುವುದಾದರೆ ಇರು, ಹೋಗುವುದಾದರೆ ಹೋಗು. ಡೋಲಿ ಕಳಿಸುತ್ತೇನೆ. ನಿನ್ನ ಹೆಸರಿಗೆ ಹಿತ್ತಲ ಕೋಣೆ ಬಿಟ್ಟುಕೊಡುತ್ತೇನೆ.

ಇಷ್ಟು ತಗ್ಗಿ ನಾನು ಯಾರಿಗೂ ಬರೆದವನಲ್ಲ.

ಕರುಪ್ಪಯ್ಯ

---

ಕೊಡೈಕಾನಲ್
1894 ಫೆಬ್ರವರಿ 20

ಕರುಪ್ಪಯ್ಯನವರಿಗೆ,

ಇದು ನಾನು ನಿಮಗೆ ಬರೆಯುವ ಮೊದಲ ಕಾಗದ. ಕೊನೆಯದೂ ಹೌದು. ಆದ್ದರಿಂದ ನಿಧಾನವಾಗಿ ಓದಿ.

ನಾನು ಸೌಖ್ಯವಾಗಿದ್ದೇನೆ. ಜಡ್ಜಿ ದೊರೆಯ ಗಾಜಿನ ಮನೆಯಲ್ಲಿ ನಲವತ್ತು ಗಿಂಡಿ ಗಿಡಗಳಿವೆ. ಹೊರಗೆ ಜೌಗಿನಲ್ಲಿ ಅಂಟಿನ ಹನಿ ಹೊತ್ತು ಸೊಳ್ಳೆ ಹಿಡಿಯುವ ಸಣ್ಣ ಗಿಡಗಳೂ ಇವೆ. ಗಾಜಿನ ಮನೆಯನ್ನು ಬೆಚ್ಚಗಿಡುವ ಒಲೆಯನ್ನು ವೇಲು ನೋಡಿಕೊಳ್ಳುತ್ತಾನೆ, ನಾನು ನೀರು ನೋಡಿಕೊಳ್ಳುತ್ತೇನೆ. ನನಗೆ ಬೇರೆ ಸಂಬಳ. ದೊರೆಗೆ ಕಣ್ಣು ಮಂಜು. ಹೊಸ ಗಿಂಡಿ ಬಾಯಿ ಬಿಟ್ಟಾಗ ನಾನು ಹೇಳುತ್ತೇನೆ, ವೇಲು ಅವರಿಗೆ ತಿಳಿಸುತ್ತಾನೆ, ಅವರು ಬರೆದುಕೊಳ್ಳುತ್ತಾರೆ. ಕೊನೆಯಲ್ಲಿ ನನ್ನ ಹೆಸರನ್ನೂ ಬರೆದರಂತೆ. ಹೇಗೆ ಬರೆದರೋ, ನಾನು ಆ ಅಕ್ಷರ ಓದಲಾರೆ. ಅದನ್ನೂ ಕಲಿಯಬೇಕು.

ನೀವು ಕೇಳಿದ ವಿಷಯ. ಪಾಪಮ್ಮಾಳ್ ಮೊನ್ನೆ ಇಲ್ಲಿಗೆ ಬಂದಿದ್ದರು. ಡೋಲಿಯಿಲ್ಲ. ಪೇಚ್ಚಿಯಮ್ಮಾಳ್ ಜೊತೆ ಇಡೀ ಬೆಟ್ಟ ನಡೆದು ಹತ್ತಿ, ಕಾಲು ಊದಿಸಿಕೊಂಡು ಬಂದಿದ್ದರು. ಮುನಿಯಮ್ಮಾಳ್ ಬಿಸಿನೀರು ಕೊಟ್ಟಳು. ಕಾಲಿಗೆ ಹಾಕಿಕೊಳ್ಳದೆ ನನ್ನ ಮುಖವನ್ನೇ ನೋಡುತ್ತ ಕೇಳಿದರು, "ತಾಯೀ, ಒಂದೇ ಮಾತು. ಮೊದಲ್ನೇವ್ರ್ಗೂ ಮಕ್ಳಿಲ್ಲ, ನಿಂಗೂ ಇಲ್ಲ. ನನ್ ಮಗಳ್ಗೆ ಆಯ್ತದಾ?"

ನಾನು ಸುಳ್ಳು ಹೇಳಲಿಲ್ಲ, ಹೆಚ್ಚೂ ಹೇಳಲಿಲ್ಲ. "ನಾನು ವೈದ್ಯರ್ ತಾವ ಮೂರ್ ಸಲ ಹೋದೆ. ಕಮಲಮ್ಮಾಳ್ ಅಕ್ಕನೂ ಹೋಗಿದ್ರು ಅಂತ ಅವ್ರೇ ಹೇಳಿದ್ರು. ಇಬ್ರಲ್ಲೂ ದೋಷ ಇಲ್ಲ ಅಂದ್ರು. ನಿನ್ ಗಂಡನ್ನ ಕರ್ಕೊಂಬಾ, ನಾಡಿ ನೋಡ್ತೀನಿ ಅಂದ್ರು. ಇವ್ರು ಒಂದ್ ಸಲಾನೂ ಕೈ ನೀಡ್ಲಿಲ್ಲ" ಅಂದೆ.

ಅವರು, "ಸಾಕ್ ತಾಯೀ" ಅಂದರು. ಆಮೇಲೆ ಕಾಲಿಗೆ ನೀರು ಹಾಕಿಕೊಂಡರು. ಎರಡು ದಿನ ಇಲ್ಲೇ ಇದ್ದರು. ಬಾಯಿ ತುಂಬ ಮಾತಾಡುವ ಹೆಂಗಸು. ಜೆಯಲಕ್ಷ್ಮಿಗೆ ರಾಗಿ ಬೀಸುವಾಗ ಹಾಡು ಹೇಳುವ ಅಭ್ಯಾಸವಂತೆ, ಮೂರು ತಿಂಗಳಿಂದ ನಿಲ್ಲಿಸಿದ್ದಳಂತೆ.

ಮಾಸಿ ಹದಿನೈದಕ್ಕೆ ಹಿರಿಯರು ಬಂದರೆ ಕೂರಿಸಿ ಊಟ ಹಾಕಿಸಿ. ಹುಡುಗಿಯ ಕಡೆಯವರಿಗೆ ಎಲೆ ಹಾಕಿಸಬೇಡಿ, ಅವರು ಬರುವುದಿಲ್ಲ. ನನಗೆ ಡೋಲಿಯೂ ಬೇಡ, ಹಿತ್ತಲ ಕೋಣೆಯೂ ಬೇಡ. ತಗ್ಗಿ ಬರೆದಿದ್ದೇನೆ ಅಂದಿರಿ. ನಾನು ಎರಡು ಸಲ ಓದಿದೆ. ಅಂಥದ್ದೇನೂ ಕಾಣಲಿಲ್ಲ.

ಕಣಜದ ಬೀಗದ ಕೈಯನ್ನು ನಾನು ಕದ್ದುಕೊಂಡು ಬಂದೆನೆಂದು ಬೀದಿಯಲ್ಲಿ ಹೇಳುತ್ತಿದ್ದೀರಂತೆ. ಅದು ಅಡುಗೆಮನೆಯ ಅಕ್ಕಿ ಮಡಕೆಯಲ್ಲಿದೆ. ಅಡುಗೆಮನೆ, ನಡುಮನೆಯ ಎಡಗಡೆ.

ಕಂಬಂ ಅಯ್ಯಾವುವಿನ ಮಗಳು,
ವೆಳ್ಳೈಯಮ್ಮಾಳ್